ರಾಜ ಕೆಟ್ಟವನಾದರೆ ರಾಜ್ಯ ಯಾರದು?

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕಾದಂಬರಿಯನ್ನು ಓದಿ ಮುಗಿಸಿದವರನ್ನು ಕೇಳಿ ನೋಡಿ. ಮೊದಲು ಬರುವ ಮಾತು, “ಎಂಥ ದುಷ್ಟ ರಾಜ!” ಎರಡನೆಯದು, “ಪಾಪ, ಆ ರಾಣಿ ಎಷ್ಟು ಸಹಿಸಿಕೊಂಡಳು!” ಮೂರನೆಯ ಮಾತು ಬರುವ ಹೊತ್ತಿಗೆ ಕಾಫಿ ಬಂದಿರುತ್ತದೆ, ಮಾತು ಬೇರೆ ಕಡೆಗೆ ತಿರುಗಿರುತ್ತದೆ. ಇಂಗ್ಲಿಷರ ಸುದ್ದಿ ಬರುವುದೇ ಇಲ್ಲ. ಕೊಡಗಿನಂಥ ಒಂದು ರಾಜ್ಯ ಈಸ್ಟ್ ಇಂಡಿಯಾ ಕಂಪನಿಯ ಪಾಲಾದ ಕತೆ ಇದು. ಆದರೆ ಪುಸ್ತಕ ಮಡಚಿಟ್ಟು ಏಳುವಾಗ ನಮ್ಮ ಸಿಟ್ಟೆಲ್ಲ ರಾಜ್ಯವನ್ನು ಕಳೆದುಕೊಂಡವನ ಮೇಲೆ; ತೆಗೆದುಕೊಂಡವರ ಮೇಲೆ ಗುಲಗಂಜಿಯಷ್ಟೂ ಇಲ್ಲ. ಇದು ಹೇಗಾಯಿತು ಎಂಬ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ನಾನು ವಿಮರ್ಶಕಿಯಲ್ಲ. ಬಿ.ಎ., ಬಿ.ಎಡ್. ಮಾಡಿ ಪುತ್ತೂರಿನ ಕಡೆಯ ಶಾಲೆಗಳಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ಮತ್ತು ಸಮಾಜ ಪಾಠ ಹೇಳಿದವಳು. ನಮ್ಮ ಪೇಟೆಯ ಹತ್ತು ಹನ್ನೆರಡು ಹೆಂಗಸರು ಸೇರಿ ತಿಂಗಳಿಗೊಂದು ಪುಸ್ತಕ ಓದಿ ಮಾತಾಡುವ ಅಭ್ಯಾಸ ಇಟ್ಟುಕೊಂಡಿದ್ದೇವೆ. ಅಲ್ಲಿ ಈ ಕಾದಂಬರಿ ಬಂದಾಗ ಒಬ್ಬರು, ನಿವೃತ್ತ ಹೆಡ್‌ಮಿಸ್ಟ್ರೆಸ್, ನೇರವಾಗಿ ಹೇಳಿಯೇಬಿಟ್ಟರು: “ನೋಡಿ ಟೀಚರೇ, ಅಂಥವನ ಕೈಯಲ್ಲಿ ರಾಜ್ಯ ಇರುವುದಕ್ಕಿಂತ ಬ್ರಿಟಿಷರು ತೆಗೆದುಕೊಂಡದ್ದೇ ಒಳ್ಳೆಯದಾಯಿತು.” ಯಾರೂ ಇಲ್ಲವೆನ್ನಲಿಲ್ಲ. ಎಲ್ಲರೂ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯ ಬಗ್ಗೆಯೇ ಈ ಲೇಖನ.

ಮೊದಲು ಕಾದಂಬರಿಯ ಗುಣ ಹೇಳಿಬಿಡುತ್ತೇನೆ, ಯಾಕೆಂದರೆ ಅದು ದೊಡ್ಡದು. 1956ರಲ್ಲಿ ಬಂದ ಪುಸ್ತಕ ಇದು. ಮಾಸ್ತಿಯವರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂದಾಗ ಎಲ್ಲರ ಬಾಯಲ್ಲೂ ಇದರ ಹೆಸರೇ. ನಾನಾಗ ಹೈಸ್ಕೂಲಿನಲ್ಲಿದ್ದೆ, ಲೈಬ್ರರಿಯಲ್ಲಿದ್ದ ಒಂದೇ ಪ್ರತಿಗೆ ಟೀಚರುಗಳೇ ಸರದಿ ನಿಂತಿದ್ದರು. ಇಷ್ಟು ದಪ್ಪದ ಪುಸ್ತಕ ಎಲ್ಲಿಯೂ ಓದುಗರನ್ನು ದಣಿಸುವುದಿಲ್ಲ. ಮಾಸ್ತಿಯವರಿಗೆ ಅವಸರವಿಲ್ಲ, ಅಬ್ಬರವಿಲ್ಲ. ಅರಮನೆಯ ಒಳಗಿನ ಮಾತನ್ನು ಅವರು ಬರೆಯುವಾಗ ಬಾಗಿಲ ಸಂದಿಯಲ್ಲಿ ನಿಂತು ಕೇಳಿದ ಹಾಗಿರುತ್ತದೆ. ರಾಣಿ ಗೌರಮ್ಮ ಗಂಡನೊಡನೆ ಮಾತನಾಡುವ ಕಡೆಗಳನ್ನೇ ನೋಡಿ. ಗಂಡ ತಪ್ಪು ದಾರಿಯಲ್ಲಿದ್ದಾನೆಂದು ಗೊತ್ತು, ಹೇಳದೆ ಇರುವಂತಿಲ್ಲ, ಹೇಳಿದರೆ ಏನಾಗುವುದೋ ಎಂಬ ಭಯ ಬೇರೆ. ಮಾತನ್ನು ಎಷ್ಟು ತೂಗಿ ಆಡುತ್ತಾಳೆ! ಸಂಸಾರ ಮಾಡಿದ ಹೆಂಗಸರಿಗೆ ಆ ತೂಕ ತಕ್ಷಣ ತಿಳಿಯುತ್ತದೆ. ಕುಂಟ ಬಸವನಂಥ ಪಾತ್ರವನ್ನು ಬರೀ ಕೇಡಿಗನನ್ನಾಗಿ ಮಾಡಿ ಬಿಡಬಹುದಿತ್ತು. ಮಾಸ್ತಿಯವರು ಹಾಗೆ ಮಾಡಲಿಲ್ಲ. ಅವನ ಹುಟ್ಟಿನ ನೋವನ್ನೂ ನಮ್ಮ ಮುಂದಿಟ್ಟರು. ಮಂತ್ರಿ ಬೋಪಣ್ಣನ ತೊಳಲಾಟವಂತೂ ಕನ್ನಡದಲ್ಲಿ ಅಪರೂಪದ್ದು. ರಾಜನಿಗೆ ನಿಷ್ಠನಾಗಿರಬೇಕೋ ನಾಡಿಗೋ ಎಂಬ ಪ್ರಶ್ನೆಯನ್ನು ಅವನು ರಾತ್ರಿಯೆಲ್ಲ ಹೊತ್ತು ತಿರುಗುತ್ತಾನೇನೋ ಅನ್ನಿಸುತ್ತದೆ.

ಹಾಗಾದರೆ ತಕರಾರು ಎಲ್ಲಿ? ಮಾಸ್ತಿಯವರು ಕೊಡಗಿನ ಕತೆಯನ್ನು ಒಂದು ಮನೆಯ ಕತೆಯಾಗಿ ಕಟ್ಟಿದ್ದಾರೆ. ಯಜಮಾನ ದುಶ್ಚಟದವನು. ಹೆಂಡತಿ ಸಹನೆಯ ಮೂರ್ತಿ. ಅಣ್ಣನಿಂದಲೇ ಸೆರೆಯಲ್ಲಿರುವ ತಂಗಿ ದೇವಮ್ಮಾಜಿ, ಪಾಲು ಬೇಕೆಂದು ಹೊಂಚುತ್ತಿರುವ ಅವಳ ಗಂಡ ಚೆನ್ನಬಸವ. ಮನೆಯ ಹಳೆಯ ಹಿತೈಷಿಗಳಂತೆ ಇಬ್ಬರು ಮಂತ್ರಿಗಳು. ಯಜಮಾನನನ್ನು ಕೆಡಿಸುವ ಒಬ್ಬ ಜೊತೆಗಾರ. ತಂಗಿ ಗಂಡನೊಡನೆ ತಪ್ಪಿಸಿಕೊಂಡು ಹೋಗುತ್ತಾಳೆ, ಕೂಸು ಹಿಂದುಳಿಯುತ್ತದೆ, ಆ ಕೂಸಿಗೆ ಸೋದರಮಾವನ ಕೈಯಲ್ಲೇ ಸಾವು. ಓದುವಾಗ ಹೊಟ್ಟೆ ಕಿವುಚುತ್ತದೆ. ಇದೆಲ್ಲ ನಮಗೆ ಗೊತ್ತಿರುವ ಮನೆ. ಸಿಂಹಾಸನವೊಂದು ಹೆಚ್ಚಿಗೆ ಇದೆ, ಅಷ್ಟೆ. ಹೀಗಾಗಿಯೇ ನಾವು ಹೆಂಗಸರು ಈ ಪುಸ್ತಕವನ್ನು ಅಷ್ಟು ಪ್ರೀತಿಯಿಂದ ಓದುತ್ತೇವೆ. ಮನೆಯ ಕತೆಯೆಂದ ಮೇಲೆ ತೀರ್ಪೂ ಮನೆಯದೇ ಆಗಿಬಿಡುತ್ತದೆ: ಯಜಮಾನ ಕೆಟ್ಟ, ಆದ್ದರಿಂದ ಮನೆ ಹೋಯಿತು. ಹೋದ ಮನೆ ಯಾರ ಕೈಗೆ, ಯಾವ ಹಕ್ಕಿನಿಂದ ಹೋಯಿತು ಎಂದು ಕೇಳಲು ಮನಸ್ಸಿನಲ್ಲಿ ಜಾಗವೇ ಉಳಿಯುವುದಿಲ್ಲ.

ಮಾಸ್ತಿಯವರ ಇನ್ನೊಂದು ಐತಿಹಾಸಿಕ ಕಾದಂಬರಿ ‘ಚೆನ್ನಬಸವನಾಯಕ’ವನ್ನು ಓದಿದವರಿಗೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಬಿದನೂರು ಹೈದರನ ಪಾಲಾಗುತ್ತದೆ. ಅಲ್ಲಿಯೂ ಕೇಡು ಮೊದಲು ಅರಮನೆಯ ಒಳಗೆ ಹುಟ್ಟುತ್ತದೆ. ಅಲ್ಲಿ ರಾಣಿ ವೀರಮ್ಮಾಜಿಯ ನಡತೆ, ಇಲ್ಲಿ ರಾಜನ ನಡತೆ. ಹೊರಗಿನವನು ಬರುವುದು ಒಳಗೆ ಕೆಟ್ಟ ಮೇಲೆ ಎಂಬುದು ಮಾಸ್ತಿಯವರ ಗಟ್ಟಿ ನಂಬಿಕೆ. ನಂಬಿಕೆ ಸುಳ್ಳಲ್ಲ. ಪೂರ್ತಿಯೂ ಅಲ್ಲ.

ನಮ್ಮ ಕಡೆ ಅಡಿಕೆ ತೋಟದ ಮನೆಯೊಂದಿತ್ತು. ಗಂಡ ಕುಡಿಯುತ್ತಿದ್ದ. ಹೆಂಡತಿ ದನ ಕಟ್ಟಿ, ಹಾಲು ಕೊಟ್ಟು ಮಕ್ಕಳನ್ನು ಸಾಕಿದಳು. ಪಕ್ಕದ ವರ್ಗದವರು ದೊಡ್ಡ ಮನುಷ್ಯರು, ಊರಿಗೆ ಬೇಕಾದವರು. ಗಂಡನಿಗೆ ಕೇಳಿದಾಗಲೆಲ್ಲ ಸಾಲ ಕೊಟ್ಟವರೂ ಅವರೇ, ಅವನ ಕುಡಿತದ ಕತೆಯನ್ನು ಊರಿಗೆಲ್ಲ ಹೇಳಿದವರೂ ಅವರೇ, ಕೊನೆಗೆ “ಆ ಹೆಂಗಸು ಮಕ್ಕಳು ಬೀದಿಗೆ ಬೀಳಬಾರದು” ಎಂದು ತೋಟವನ್ನು ತಮ್ಮ ಹೆಸರಿಗೆ ಬರೆಸಿಕೊಂಡವರೂ ಅವರೇ. ಆ ಹೆಂಗಸು ಅದೇ ತೋಟದಲ್ಲಿ ಅಡಿಕೆ ಸುಲಿಯಲು ಹೋಗುತ್ತಿದ್ದುದನ್ನು ನಾನು ಕಂಡಿದ್ದೇನೆ. ಊರಿನವರು ಇಂದಿಗೂ ಬೈಯುವುದು ಗಂಡನನ್ನೇ. ಬೈಯಲಿ, ಬೈಸಿಕೊಳ್ಳಬೇಕಾದವನೇ. ಆದರೆ ಗಂಡ ಕುಡುಕನಾದರೆ ತೋಟ ಸೇರಬೇಕಾದದ್ದು ಹೆಂಡತಿ ಮಕ್ಕಳಿಗೆ. ಪಕ್ಕದ ವರ್ಗದವರಿಗೆ ಅದು ಹೇಗೆ ಸೇರಿತು?

ಕೊಡಗಿನ ಇತಿಹಾಸವನ್ನು ಈ ಒಂದು ಪ್ರಶ್ನೆ ಇಟ್ಟುಕೊಂಡು ಓದಬೇಕು. ಓದಿದರೆ ಕಂಪನಿಯ ದಯೆ ದಾಕ್ಷಿಣ್ಯ ಯಾವಾಗ ಹುಟ್ಟುತ್ತಿತ್ತು, ಯಾವಾಗ ಮಲಗುತ್ತಿತ್ತು ಎಂಬುದು ಕಣ್ಣಿಗೆ ಕಟ್ಟುತ್ತದೆ.

ಚಿಕ್ಕ ವೀರರಾಜನ ದೊಡ್ಡಪ್ಪ ದೊಡ್ಡ ವೀರರಾಜೇಂದ್ರ ಟಿಪ್ಪುವಿನ ವಿರುದ್ಧ ಕಂಪನಿಗೆ ನೆರವಾದವನು. 1790ರಲ್ಲಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ. ಅವನ ನಾಡಿನ ಅಕ್ಕಿ, ದನ, ಜನ ಇಲ್ಲದಿದ್ದರೆ ಶ್ರೀರಂಗಪಟ್ಟಣದ ಕಡೆ ಘಟ್ಟ ಹತ್ತಿದ ಕಂಪನಿಯ ಸೈನ್ಯ ಬಹಳ ಕಷ್ಟಪಡಬೇಕಿತ್ತು. ಅವನಿಗೆ ಗಂಡುಮಕ್ಕಳಿರಲಿಲ್ಲ. ತನ್ನ ನಂತರ ಮಗಳು ದೇವಮ್ಮಾಜಿ ಪಟ್ಟಕ್ಕೆ ಬರಬೇಕು, ಅವಳ ಹಕ್ಕಿಗೆ ಕಂಪನಿ ಬೆಂಬಲವಾಗಿ ನಿಲ್ಲಬೇಕು ಎಂದು ಕೇಳಿಕೊಂಡಿದ್ದ. (ಕಾದಂಬರಿಯ ದೇವಮ್ಮಾಜಿ ಬೇರೆ, ಇವಳು ಬೇರೆ. ಆ ಮನೆತನದಲ್ಲಿ ಹೆಸರುಗಳು ಹೀಗೆ ಮರಳಿ ಮರಳಿ ಬರುತ್ತವೆ. ಮಕ್ಕಳಿಗೆ ಪಾಠ ಹೇಳುವಾಗ ಬೋರ್ಡಿನ ಮೇಲೆ ವಂಶವೃಕ್ಷ ಬರೆಯದೆ ಸಾಗುವುದಿಲ್ಲ.) 1809ರಲ್ಲಿ ದೊಡ್ಡ ವೀರರಾಜೇಂದ್ರ ತೀರಿಕೊಂಡ. ಹುಡುಗಿ ಇನ್ನೂ ಚಿಕ್ಕವಳು, ಪಟ್ಟವೇನೋ ಆಯಿತು. 1811ರಲ್ಲಿ ಚಿಕ್ಕಪ್ಪ ಲಿಂಗರಾಜ ಅವಳನ್ನು ಬದಿಗೆ ಸರಿಸಿ ತಾನೇ ರಾಜನಾದ.

ಆಗ ಕಂಪನಿ ಏನು ಮಾಡಿತು? ಏನೂ ಮಾಡಲಿಲ್ಲ. ಲಿಂಗರಾಜ ಕಂಪನಿಯೊಡನೆ ಸ್ನೇಹ ಕೆಡಿಸಿಕೊಳ್ಳಲಿಲ್ಲ, ಕಂಪನಿಯೂ ಸುಮ್ಮನಿತ್ತು. ತಮ್ಮ ಪರಮ ಮಿತ್ರನ ಮಗಳು, ತಾಯಿ ತಂದೆ ಇಲ್ಲದ ಹುಡುಗಿ, ಹಕ್ಕು ಕಳೆದುಕೊಂಡು ಮೂಲೆ ಸೇರಿದಾಗ ಎದ್ದು ಬಾರದ ನ್ಯಾಯ 1834ರಲ್ಲಿ ತೋಪುಗಳನ್ನು ಎಳೆದುಕೊಂಡು ನಾಲ್ಕು ದಿಕ್ಕಿನಿಂದ ಬಂತು. ಪ್ರಜೆಗಳನ್ನು ದುಷ್ಟ ರಾಜನಿಂದ ಕಾಪಾಡಬೇಕಂತೆ! ಈ ಇಪ್ಪತ್ತಮೂರು ವರ್ಷಗಳಲ್ಲಿ ಬದಲಾದದ್ದು ಏನೆಂದು ನೋಡಿದರೆ, ರಾಜರ ಗುಣ ಅಷ್ಟೇನೂ ಬದಲಾಗಲಿಲ್ಲ; ಲಿಂಗರಾಜನೂ ಕ್ರೌರ್ಯಕ್ಕೆ ಹೆಸರಾದವನೇ. ಬದಲಾದದ್ದು ಸುತ್ತಲಿನ ನಕ್ಷೆ. ಟಿಪ್ಪು ಹೋಗಿದ್ದ, ಮರಾಠರು ಸೋತಿದ್ದರು, ಕಿತ್ತೂರು ಮುಗಿದಿತ್ತು, ಮೈಸೂರಿನ ಆಡಳಿತವನ್ನು 1831ರಲ್ಲಿ ಕಂಪನಿ ತನ್ನ ಕೈಗೆ ತೆಗೆದುಕೊಂಡಿತ್ತು. ಮಲಬಾರು, ಕೆನರಾ, ಮೈಸೂರು ಮೂರೂ ಕೈಯಲ್ಲಿರುವಾಗ ನಡುವೆ ಒಂದು ಕೊಡಗು ಉಳಿದಿತ್ತು. ಈಗ ಮಿತ್ರನ ಅಗತ್ಯವಿರಲಿಲ್ಲ.

ಅಂದಿನ ಕಂಪನಿಗೆ ಎರಡು ಕಾರಣಗಳು ಸದಾ ಸಿದ್ಧವಾಗಿದ್ದವು. ಒಂದು, ಮನೆಯಲ್ಲಿ ಮಗನಿಲ್ಲ. ಇನ್ನೊಂದು, ಮಗ ಕೆಟ್ಟವನು. 1824ರಲ್ಲಿ ಕಿತ್ತೂರಿನಲ್ಲಿ ಮೊದಲನೆಯದನ್ನು ಹಿಡಿದರು: ದತ್ತು ನಡೆಯುವುದಿಲ್ಲವೆಂದರು. 1831ರಲ್ಲಿ ಮೈಸೂರಿನಲ್ಲಿ ಎರಡನೆಯದು, 1834ರಲ್ಲಿ ಕೊಡಗಿನಲ್ಲಿ ಮತ್ತೆ ಎರಡನೆಯದು, 1856ರಲ್ಲಿ ದೂರದ ಅವಧದಲ್ಲಿಯೂ ಅದೇ. ನಮ್ಮ ಶಾಲೆಯ ಪಾಠದಲ್ಲಿ ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿಗೆ ಒಂದು ಹೆಸರಿದೆ, ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುತ್ತದೆ. ‘ದುರಾಡಳಿತ’ ಎಂಬ ಎರಡನೆಯ ಕಾರಣಕ್ಕೆ ಅಂಥ ಹೆಸರೂ ಇಲ್ಲ, ಪ್ರಶ್ನೆಯೂ ಇಲ್ಲ. ಅದನ್ನು ಒಂದು ಉಪಾಯವೆಂದು ಮಕ್ಕಳು ಗುರುತಿಸುವುದೇ ಇಲ್ಲ, ನಡೆದ ಸಂಗತಿಯೆಂದು ಒಪ್ಪಿಕೊಂಡುಬಿಡುತ್ತಾರೆ. ದೊಡ್ಡವರಾದ ಮೇಲೆ ಮಾಸ್ತಿಯವರನ್ನು ಓದಿದಾಗ ಆ ಒಪ್ಪಿಗೆಗೆ ಮುದ್ರೆ ಬೀಳುತ್ತದೆ.

ರಾಜನ ದುಷ್ಟತನದ ಕತೆಗಳು ನಮಗೆ ಬಂದ ದಾರಿಯನ್ನೂ ನೋಡಬೇಕು. ಕತೆಗಳೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ. ಸ್ವಂತ ತಂಗಿ ಓಡಿಹೋಗಿ ಪರರ ಆಶ್ರಯ ಬೇಡಬೇಕಾದರೆ ಆ ಅರಮನೆಯಲ್ಲಿ ಏನೋ ಭಯಂಕರವಾದದ್ದು ನಡೆದಿರಲೇಬೇಕು. 1832ರಲ್ಲಿ ಆಕೆ ಗಂಡನೊಡನೆ ಮೈಸೂರು ಸೀಮೆಗೆ ತಪ್ಪಿಸಿಕೊಂಡು ಬಂದದ್ದು ಇತಿಹಾಸ. ಆದರೆ ಇವನ್ನೆಲ್ಲ ಒಟ್ಟುಗೂಡಿಸಿ ಅಚ್ಚು ಹಾಕಿದವರು ಯಾರು? ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರ ಇಂಗ್ಲಿಷ್ ಪುಸ್ತಕ 1855ರಲ್ಲಿ ಬಂತು. ಇವರು ಜರ್ಮನರು, ಕನ್ನಡಕ್ಕೆ ಉಪಕಾರ ಮಾಡಿದವರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಅವರನ್ನು ನಮ್ಮ ಜಿಲ್ಲೆಯವರು ಮರೆಯುವಂತಿಲ್ಲ. ಆದರೆ ಆ ಪುಸ್ತಕ ಬರೆಯುವಾಗ ಅವರು ಕೊಡಗಿನಲ್ಲಿ ಮಿಷನ್ ಕೆಲಸಕ್ಕೆ ನೆಲೆ ಹುಡುಕುತ್ತಿದ್ದರು. ಹಳೆಯ ಕತ್ತಲೆ ಎಷ್ಟು ದಟ್ಟವಾಗಿ ಕಂಡರೆ ಹೊಸ ಬೆಳಕು ಅಷ್ಟು ಬೆಳ್ಳಗೆ ಕಾಣುತ್ತದೆ. ಆಮೇಲೆ ಬಂದ ಸರ್ಕಾರಿ ಗೆಜೆಟಿಯರುಗಳು ಇವೇ ಕತೆಗಳನ್ನು ಎತ್ತಿಕೊಂಡವು. ಗೆಜೆಟಿಯರಿನಿಂದ ಪಾಠಪುಸ್ತಕಕ್ಕೆ, ಕಾದಂಬರಿಗೆ, ಮಡಿಕೇರಿಯಲ್ಲಿ ಟೂರಿಸ್ಟರಿಗೆ ಕತೆ ಹೇಳುವ ಗೈಡುಗಳ ಬಾಯಿಗೆ. ಗೆದ್ದವರ ದಫ್ತರದಲ್ಲಿ ಸೋತವನ ಬಗ್ಗೆ ಒಳ್ಳೆಯ ಮಾತು ಹುಡುಕಿದರೆ ಸಿಕ್ಕೀತೇ?

ಮಾಸ್ತಿಯವರಿಗೆ ಇದು ತಿಳಿಯದ್ದೇನಲ್ಲ. ಅವರು ಇಂಗ್ಲಿಷರನ್ನು ದೇವತೆಗಳನ್ನಾಗಿ ಮಾಡಿಲ್ಲ. ಹಣ್ಣಾಗಲಿ ಎಂದು ಮರದ ಕೆಳಗೆ ಕಾದು ಕುಳಿತವರ ಲೆಕ್ಕಾಚಾರ ಕಾದಂಬರಿಯಲ್ಲಿ ಕಾಣುತ್ತದೆ. ಆದರೆ ಅದು ಕಾಣುವುದು ತಣ್ಣಗೆ, ದೂರದಿಂದ, ಕಾಗದ ಪತ್ರಗಳ ಮೂಲಕ. ರಾಜನ ಪಾಪವೋ ಕೂಸಿನ ರಕ್ತದ ರೂಪದಲ್ಲಿ ಎದುರಿಗೇ ಬರುತ್ತದೆ. ಒಂದು ಕಡೆ ರಕ್ತ, ಇನ್ನೊಂದು ಕಡೆ ಕಾಗದ. ಓದುಗರ ಮನಸ್ಸು ಯಾವುದನ್ನು ನೆನಪಿಟ್ಟುಕೊಳ್ಳುತ್ತದೆಂದು ಹೇಳಬೇಕಾಗಿಲ್ಲ. ಮೈಸೂರು ಸರ್ಕಾರದಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಮಾಸ್ತಿಯವರಿಗೆ ಕಾಗದ ಎಂಥ ಆಯುಧವೆಂದು ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅದನ್ನು ಇನ್ನಷ್ಟು ಹತ್ತಿರದಿಂದ ತೋರಿಸಬಹುದಿತ್ತು ಎಂಬುದು ನನ್ನ ಆಸೆ.

1834ರ ಏಪ್ರಿಲಿನಲ್ಲಿ ಕಂಪನಿಯ ದಂಡು ಮಡಿಕೇರಿ ಸೇರಿತು. ಸೋಮವಾರಪೇಟೆಯ ಕಡೆಯಿಂದ ಬಂದ ತುಕಡಿಯನ್ನು ಕೊಡಗಿನವರು ಹೊಡೆದು ಹಿಂದಕ್ಕಟ್ಟಿದ್ದರು; ಯುದ್ಧವೇ ಆಗಲಿಲ್ಲವೆನ್ನುವುದು ತಪ್ಪು. ಅದೇ ಏಪ್ರಿಲಿನಲ್ಲಿ ರಾಜನನ್ನು ಮಡಿಕೇರಿಯಿಂದ ಸಾಗಿಸಿದರು. ಅವನು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಹೋಗಬೇಕಾಯಿತು. ಮೇ ತಿಂಗಳಲ್ಲಿ ಕರ್ನಲ್ ಫ್ರೇಜರ್ ಹೊರಡಿಸಿದ ಘೋಷಣೆಯಲ್ಲಿ, ಕೊಡಗಿನ ನಿವಾಸಿಗಳೆಲ್ಲರ ಒಮ್ಮತದ ಇಚ್ಛೆಯಂತೆ ಈ ನಾಡನ್ನು ಕಂಪನಿಗೆ ಸೇರಿಸಿಕೊಳ್ಳಲಾಗಿದೆ ಎಂಬ ಅರ್ಥದ ಮಾತಿತ್ತು. ನಿವಾಸಿಗಳೆಲ್ಲರನ್ನು ಕೇಳಿದವರು ಯಾರು? ಗದ್ದೆಯಲ್ಲಿ ನೇಜಿ ನೆಡುತ್ತಿದ್ದ ಹೆಂಗಸನ್ನು ಕೇಳಿದ್ದರೇ?

ಈ ಒಮ್ಮತದ ಬಂಡವಾಳ ಮೂರೇ ವರ್ಷದಲ್ಲಿ ಬಯಲಾಯಿತು, ಅದೂ ನಮ್ಮ ಸೀಮೆಯಲ್ಲಿ. ಸುಳ್ಯ, ಪುತ್ತೂರಿನ ಕಡೆಯ ಮಾಗಣೆಗಳು ಅಲ್ಲಿಯವರೆಗೆ ಕೊಡಗಿನ ರಾಜನಿಗೆ ಸೇರಿದ್ದವು. ರಾಜ ಹೋದ ಮೇಲೆ ಕಂಪನಿ ಅವನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಕಾಗದದ ಮೇಲೆ ಒಂದು ಗೆರೆ, ಅಷ್ಟೆ. ಆದರೆ ಆ ಗೆರೆ ಒಲೆಯವರೆಗೂ ಬಂತು. ರಾಜನ ಕಾಲದಲ್ಲಿ ತೀರುವೆಯನ್ನು ಬೆಳೆಯ ರೂಪದಲ್ಲಿ ಕೊಡುವ ರೂಢಿ ಇತ್ತು. ಭತ್ತ ಅಳೆದು ಕೊಟ್ಟರೆ ಆಯಿತು. ಕಂಪನಿಗೆ ರೂಪಾಯಿಯೇ ಬೇಕು. ಹಳ್ಳಿಯ ರೈತನ ಹತ್ತಿರ ರೂಪಾಯಿ ಎಲ್ಲಿಂದ ಬರಬೇಕು? ಕೊಯ್ಲಾದ ಕೂಡಲೇ, ಎಲ್ಲರೂ ಮಾರುವಾಗ, ಬೆಲೆ ಪಾತಾಳದಲ್ಲಿರುವಾಗ ಭತ್ತ ಮಾರಬೇಕು. ಮಳೆಗಾಲಕ್ಕೆ ಕಣಜ ಬರಿದಾದಾಗ ಅದೇ ಅಕ್ಕಿಯನ್ನು ಹೆಚ್ಚು ಬೆಲೆ ಕೊಟ್ಟು ತರಬೇಕು, ಇಲ್ಲವೇ ಸಾಲ ಮಾಡಬೇಕು. ಇದರ ಅರ್ಥ ಏನೆಂದು ಮನೆ ನಡೆಸುವ ಹೆಂಗಸಿಗೆ ಯಾವ ಅರ್ಥಶಾಸ್ತ್ರಜ್ಞರೂ ಹೇಳಿಕೊಡಬೇಕಾಗಿಲ್ಲ. ಸಾಲದ್ದಕ್ಕೆ ಉಪ್ಪು, ಹೊಗೆಸೊಪ್ಪು ಎರಡರ ವ್ಯಾಪಾರವೂ ಸರ್ಕಾರದ ಹಿಡಿತದಲ್ಲಿ.

1837ರಲ್ಲಿ ಜನ ಎದ್ದರು. ಹಾಲೇರಿ ಮನೆತನದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ ಮೊದಲಾದವರು ದಂಡು ಕಟ್ಟಿದರು. ಬೆಳ್ಳಾರೆಯ ಖಜಾನೆ ಹಿಡಿದರು. ಏಪ್ರಿಲಿನಲ್ಲಿ ಮಂಗಳೂರನ್ನೇ ತೆಗೆದುಕೊಂಡು ಬಾವುಟ ಗುಡ್ಡೆಯ ಮೇಲೆ ತಮ್ಮ ಬಾವುಟ ಏರಿಸಿದರು, ಹದಿಮೂರು ದಿನ ನಗರ ಅವರ ಕೈಯಲ್ಲಿತ್ತು. ಆಮೇಲೆ ಕಂಪನಿಗೆ ಹೊರಗಿನಿಂದ ಸೈನ್ಯ ಬಂತು. ಕಲ್ಯಾಣಸ್ವಾಮಿಯನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ, ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ದಂಗೆ ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಪದಕಗಳನ್ನು ಹಂಚಿತು. ಒಂದೇ ನಾಡಿನವರು, ಕೆಲವರಿಗೆ ಪದಕ, ಕೆಲವರಿಗೆ ನೇಣು.

ನಾನು ಚಿಕ್ಕವಳಿದ್ದಾಗ ಮನೆಯಲ್ಲಿ ಮಕ್ಕಳು ಗಲಾಟೆ ಮಾಡಿದರೆ ಅಜ್ಜಿ, “ಇದೆಂಥದ್ದು, ಕಲ್ಯಾಣಪ್ಪನ ಕಾಟುಕಾಯಿಯಾ?” ಎಂದು ಗದರುತ್ತಿದ್ದರು. ಕಾಟುಕಾಯಿ ಎಂದರೆ ಲೂಟಿ, ದೊಂಬಿ. ಗಲ್ಲಿಗೇರಿದವರ ಹೋರಾಟ ಅವರ ಊರಿನ ಅಜ್ಜಿಯರ ಬಾಯಲ್ಲೇ ಲೂಟಿಯಾಗಿ ಉಳಿಯಿತು. 1834ರ ದಂಡಯಾತ್ರೆಗೆ ಮಾತ್ರ ‘ರಕ್ಷಣೆ’ ಎಂಬ ಹೆಸರು ಬಂತು. ಆಳಿದವರು ಬಿಟ್ಟುಹೋದದ್ದು ಬರೀ ರೈಲು, ಅಂಚೆ, ಕೋರ್ಟು ಅಲ್ಲ. ಯಾವುದಕ್ಕೆ ಯಾವ ಹೆಸರು ಎಂಬುದನ್ನೂ ಅವರೇ ಇಟ್ಟುಹೋದರು. ಈಗ ಅದು ಸ್ವಲ್ಪ ಬದಲಾಗಿದೆ. ‘ಅಮರ ಸುಳ್ಯ ದಂಗೆ’, ‘ರೈತ ಹೋರಾಟ’ ಎನ್ನುತ್ತೇವೆ. 2022ರಲ್ಲಿ ಮಂಗಳೂರಿನ ಬಾವುಟ ಗುಡ್ಡೆಯಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆಯೂ ನಿಂತಿತು. ನಿರಂಜನರು ಬಹಳ ಮೊದಲೇ ‘ಕಲ್ಯಾಣಸ್ವಾಮಿ’ ಎಂಬ ಕಾದಂಬರಿ ಬರೆದಿದ್ದರು. ಸುಳ್ಯದ ಕಡೆಯ ಮಣ್ಣಿನಲ್ಲೇ ಬೆಳೆದ ಅವರಿಗೆ ಈ ರೈತರ ಕತೆ ದೂರದ್ದಾಗಿರಲಿಲ್ಲ. ಆದರೆ ಮಾಸ್ತಿಯವರ ಪುಸ್ತಕದ ಹತ್ತು ಓದುಗರಲ್ಲಿ ಒಬ್ಬರಾದರೂ ಅದನ್ನು ಕೈಗೆತ್ತಿಕೊಂಡಿದ್ದಾರೆಯೇ, ಸಂಶಯ. ನನ್ನ ಮಟ್ಟಿಗೆ ಇವೆರಡೂ ಜೋಡಿ ಪುಸ್ತಕಗಳು. ಒಂದನ್ನು ಓದಿ ಇನ್ನೊಂದನ್ನು ಬಿಟ್ಟರೆ ಕತೆ ಅರ್ಧಕ್ಕೇ ನಿಂತ ಹಾಗೆ. ಮಾಸ್ತಿಯವರಲ್ಲಿ ರೈತರು ರಾಜನ ಕಾಟಕ್ಕೆ ನರಳುವವರಾಗಿ ಬರುತ್ತಾರೆ. ಕಂಪನಿಯ ತೀರುವೆಗೆ ನರಳುವ ಸರದಿ ಬರುವ ಮೊದಲೇ ಕತೆಯ ಮುಖ್ಯ ಭಾಗ ಮುಗಿದುಹೋಗಿರುತ್ತದೆ.

ಇನ್ನೊಂದು ಸ್ವಾರಸ್ಯ. ಕಾದಂಬರಿ ಬಂದ 1956ರಲ್ಲೇ, ನವೆಂಬರ್ 1ರಂದು, ಕೊಡಗು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಇಂಗ್ಲಿಷರು ಬೇರೆಯಾಗಿ ಇಟ್ಟು, ತಮ್ಮ ಕಮಿಷನರರಿಂದ ಆಳಿಸಿ, 1854ರಿಂದ ಕಾಫಿ ತೋಟಗಳನ್ನು ಎಬ್ಬಿಸಿದ ನಾಡು ಕನ್ನಡದ ಮನೆಗೆ ಬಂದ ವರ್ಷ ಅದು. ಆ ವರ್ಷ ಕೊಡಗನ್ನು ಕುರಿತು ನಮ್ಮ ಕೈಗೆ ಬಂದ ದೊಡ್ಡ ಕನ್ನಡ ಪುಸ್ತಕ, ಕೊಡಗಿನ ರಾಜ ಎಷ್ಟು ಕೆಟ್ಟವನಾಗಿದ್ದ ಎಂಬ ಕತೆ! ಮಾಸ್ತಿಯವರು ಹಾಗೆ ಲೆಕ್ಕ ಹಾಕಿ ಬರೆದವರಲ್ಲ, ಬಿಡಿ.

ರಾಣಿ ಗೌರಮ್ಮನ ಮಾತಿಗೆ ಬರುತ್ತೇನೆ. ನಮ್ಮ ಓದುಗರ ಕಣ್ಣೀರ ಬಹುಪಾಲು ಅವಳಿಗೇ ಸಲ್ಲುತ್ತದೆ. ಕಾದಂಬರಿಯಲ್ಲಿ ಅವಳಿಗೆ ವಿವೇಕವಿದೆ, ಧೈರ್ಯವಿದೆ, ಮಂತ್ರಿಗಳು ಕೈಮುಗಿಯುವ ಗೌರವವಿದೆ. ಇಷ್ಟೆಲ್ಲ ಇದ್ದ ಮೇಲೆ ರಾಜನ ಬದಲು ರಾಣಿ ಆಳಬಹುದಿತ್ತಲ್ಲ ಎಂದು ನಮ್ಮ ಗುಂಪಿನ ಒಬ್ಬಳು ಹುಡುಗಿ, ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಕೇಳಿದಳು. ಹೆಡ್‌ಮಿಸ್ಟ್ರೆಸ್ ಕೂಡ ಒಂದು ಕ್ಷಣ ಸುಮ್ಮನಾದರು. ಸುತ್ತಲಿನ ಸೀಮೆಗಳಲ್ಲಿ ಅಬ್ಬಕ್ಕ, ಕೆಳದಿಯ ಚೆನ್ನಮ್ಮಾಜಿ, ಕಿತ್ತೂರಿನ ಚೆನ್ನಮ್ಮ ಆಳಿದ್ದುಂಟು. ಕೊಡಗಿನಲ್ಲಿಯೇ ಹುಡುಗಿಯೊಬ್ಬಳಿಗೆ ಪಟ್ಟವಾಗಿ ಹೋಗಿತ್ತು. ಗಂಡ ಕೆಟ್ಟವನಾದ ಮನೆಯನ್ನು ಹೆಂಡತಿ ನಡೆಸಿದ್ದನ್ನು ನಾವು ಬೀದಿ ಬೀದಿಯಲ್ಲಿ ನೋಡಿದ್ದೇವೆ. ಕಂಪನಿಗೆ ಅಂಥ ಯೋಚನೆ ಬರಲಿಲ್ಲ. ಬರುವುದು ಅದಕ್ಕೆ ಬೇಕಾಗಿಯೂ ಇರಲಿಲ್ಲ. ಆದರೆ ಕಾದಂಬರಿಯೂ ಅವಳನ್ನು ಸಹನೆಯ ಪೀಠದ ಮೇಲೆ ಕೂರಿಸಿ ಪೂಜೆ ಮಾಡುತ್ತದೆಯೇ ಹೊರತು ಬೇರೆ ಪೀಠದ ಮಾತನ್ನು ಗಟ್ಟಿಯಾಗಿ ಎತ್ತುವುದಿಲ್ಲ. ಈ ಪುಸ್ತಕದ ಬಗ್ಗೆ ನನ್ನ ದೊಡ್ಡ ಅಸಮಾಧಾನ ಇದೇ.

ಇತಿಹಾಸದಲ್ಲಿ ಗೌರಮ್ಮ ಎಂಬ ಹೆಸರಿನ ಇನ್ನೊಬ್ಬಳಿದ್ದಾಳೆ. ರಾಜನ ಮಗಳು, 1841ರಲ್ಲಿ ಕಾಶಿಯಲ್ಲಿ ಹುಟ್ಟಿದವಳು. ಮಡಿಕೇರಿಯನ್ನು ಅವಳು ಕಣ್ಣಿಂದ ಕಾಣಲಿಲ್ಲ. ಅವಳ ತಂದೆ ಮನೆತನದ ಹಿರಿಯರು ಕಂಪನಿಯ ಬಳಿ ಇಟ್ಟಿದ್ದ ದೊಡ್ಡ ಮೊತ್ತವನ್ನು ವಾಪಸು ಕೇಳಲು 1852ರಲ್ಲಿ ಲಂಡನ್ನಿಗೆ ಹೋದ, ಹನ್ನೊಂದರ ಮಗಳನ್ನೂ ಕರೆದುಕೊಂಡು ಹೋದ. ರಾಜ್ಯ ತೆಗೆದುಕೊಂಡಾಗ ಕಂಪನಿ ಆ ಹಣವನ್ನೂ ತನ್ನದೆಂದಿತ್ತು. ರಾಜ ಕೆಟ್ಟವನೆಂದು ರಾಜ್ಯ ಹೋಯಿತು, ಸರಿ. ಠೇವಣಿ ಇಟ್ಟ ಹಣ ಯಾಕೆ ಹೋಗಬೇಕು? ಕೋರ್ಟಿಗೆ ಹೋದ. ತೀರ್ಪು ಬರುವ ಮೊದಲೇ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. 1860ರಲ್ಲಿ ಬಂದ ತೀರ್ಪು ಕಂಪನಿಯ ಕಡೆಗೇ ಆಯಿತು.

ಹುಡುಗಿಯನ್ನು ವಿಕ್ಟೋರಿಯಾ ರಾಣಿಯ ಆಶ್ರಯಕ್ಕೆ ಒಪ್ಪಿಸಿದವನು ತಂದೆಯೇ. ವ್ಯಾಜ್ಯಕ್ಕೆ ಅನುಕೂಲವಾದೀತೆಂಬ ಆಸೆಯೂ ಇದ್ದಿರಬೇಕು. ಆ ಮಟ್ಟಿಗೆ ಅವನು ಕಾದಂಬರಿಯ ರಾಜನಿಗೆ ದೂರದವನೇನಲ್ಲ. ಅದೇ ವರ್ಷ ಅವಳಿಗೆ ಕ್ರೈಸ್ತ ದೀಕ್ಷೆ ಆಯಿತು, ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು: ವಿಕ್ಟೋರಿಯಾ ಗೌರಮ್ಮ. ಇಂಗ್ಲಿಷ್ ಕುಟುಂಬಗಳಲ್ಲಿ ಅವಳನ್ನು ಬೆಳೆಸಿದರು, ತಂದೆ ಮಗಳು ಸೇರುವುದಕ್ಕೆ ಮಿತಿ ಹಾಕಿದರು. ಪಂಜಾಬಿನ ರಾಜ್ಯ ಕಳೆದುಕೊಂಡ ಹುಡುಗ ದುಲೀಪ್ ಸಿಂಗನಿಗೆ ಅವಳನ್ನು ಕೊಟ್ಟು ಮದುವೆ ಮಾಡಬೇಕೆಂದು ವಿಕ್ಟೋರಿಯಾಗೆ ಆಸೆ ಇತ್ತು. ಅವನು ಒಪ್ಪಲಿಲ್ಲ. 1860ರಲ್ಲಿ ಕರ್ನಲ್ ಜಾನ್ ಕ್ಯಾಂಬೆಲ್ ಎಂಬವನೊಡನೆ ಅವಳ ಮದುವೆಯಾಯಿತು. ಅವಳಿಗಿಂತ ಸುಮಾರು ಮೂವತ್ತು ವರ್ಷ ದೊಡ್ಡವನು. 1861ರಲ್ಲಿ ಒಂದು ಹೆಣ್ಣು ಮಗು. 1864ರಲ್ಲಿ ಗೌರಮ್ಮ ತೀರಿಕೊಂಡಳು. ಇಪ್ಪತ್ತೆರಡು ವರ್ಷ. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿ ಇದೆ.

ಪ್ರತಿವರ್ಷ ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನು ಮಡಿಕೇರಿಗೆ ಕರೆದೊಯ್ಯುತ್ತೇವೆ. ರಾಜಾಸೀಟು, ಓಂಕಾರೇಶ್ವರ, ಕೋಟೆ, ಕೋಟೆಯೊಳಗೆ ಇಂಗ್ಲಿಷರು ಕಟ್ಟಿದ ಚರ್ಚು, ಈಗ ಅದು ಮ್ಯೂಸಿಯಂ. ಗದ್ದಿಗೆಯಲ್ಲಿ ದೊಡ್ಡ ವೀರರಾಜೇಂದ್ರನ, ಲಿಂಗರಾಜನ ಸಮಾಧಿಗಳಿವೆ. ಚಿಕ್ಕ ವೀರರಾಜನದಿಲ್ಲ. ಹೆಣ್ಣುಮಕ್ಕಳು ಯಾವಾಗಲೂ ರಾಜಕುಮಾರಿಯ ವಿಚಾರ ಕೇಳುತ್ತಾರೆ. ಗೌರಮ್ಮನ ಕತೆ ಹೇಳಿದರೆ ಬಸ್ಸಿನಲ್ಲಿ ಸ್ವಲ್ಪ ಹೊತ್ತು ಹಾಡು ನಿಲ್ಲುತ್ತದೆ. ಆಮೇಲೆ ಯಾರಾದರೊಬ್ಬಳು, “ಅವಳು ಕನ್ನಡ ಮಾತಾಡುತ್ತಿದ್ದಳಾ ಟೀಚರ್?” ಎಂದು ಕೇಳಿಯೇ ಕೇಳುತ್ತಾಳೆ. ಸಿ.ಪಿ. ಬೆಳ್ಳಿಯಪ್ಪನವರು ಅವಳ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಮಾಸ್ತಿಯವರ ರಾಣಿ ಗೌರಮ್ಮನಿಗೆ ಅಳುವ ನಾವು ಈ ಗೌರಮ್ಮನನ್ನೂ ಓದಬೇಕು. ಕೆಟ್ಟ ಯಜಮಾನನ ಮನೆಯಿಂದ ಬಿಡಿಸಿ ಒಳ್ಳೆಯವರ ಮನೆಯಲ್ಲಿ ಬೆಳೆಸಿದ ಹುಡುಗಿ ಅಲ್ಲವೇ ಇವಳು?

ಹೆಂಡತಿ ಸತ್ತ ಮೂರು ವರ್ಷಕ್ಕೆ, 1867ರಲ್ಲಿ, ಕ್ಯಾಂಬೆಲ್ ಮನೆಯಿಂದ ಹೊರಟವನು ಹಿಂತಿರುಗಲಿಲ್ಲ. ಗೌರಮ್ಮನ ಒಡವೆಗಳೂ ಅವನೊಡನೆ ಹೋದವು ಎನ್ನುತ್ತಾರೆ. ಅವಳದೆಂದು ಉಳಿದದ್ದು ವಿಕ್ಟೋರಿಯಾ ರಾಣಿಯ ಆಸ್ಬೋರ್ನ್ ಅರಮನೆಗೆ ಸೇರಿದ ಒಂದು ಅಮೃತಶಿಲೆಯ ಮೂರ್ತಿ ಮತ್ತು 1852ರಲ್ಲಿ ವಿಂಟರ್‌ಹಾಲ್ಟರ್ ಬರೆದ ಒಂದು ಚಿತ್ರ. ಚಿತ್ರದಲ್ಲಿ ಅವಳಿಗೆ ಹನ್ನೊಂದು ವರ್ಷ. ನಮ್ಮ ಆರನೆಯ ತರಗತಿಯ ಹುಡುಗಿಯರ ವಯಸ್ಸು.